ನಾನೂರ ಎಂಬತ್ತು

ಮೀನು ಸಾಕಣೆ ಕೇಂದ್ರದ ಮುದುಕ ಒಗಸವಾರ
ಡಬ್ಬಿಯ ಮುಚ್ಚಳ ತೆಗೆದ.
ಒದ್ದೆ ಬಟ್ಟೆಯ ಮೇಲೆ ನೂರೇ ನೂರು ಮೊಟ್ಟೆ.
ಹೋದ ವರ್ಷ ಐನೂರು ಕೊಟ್ಟಿದ್ದ.
"ಇವೂ ನಮ್ಮ ಹೊಳೆಯವಲ್ಲ ಟೀಚರ್," ಅಂದ
ಟೋಪಿ ಕೈಗೆ ತೆಗೆದುಕೊಂಡು, ತಪ್ಪು ತನ್ನದೇ ಎಂಬಂತೆ,
"ಉತ್ತರದ ದ್ವೀಪದಿಂದ ಕಡ ತಂದದ್ದು.
ನಮ್ಮವು ಈ ಸಲ ಬರಲೇ ಇಲ್ಲ."

ನನ್ನ ಮೂರನೇ ತರಗತಿಯಲ್ಲಿ ಏಳು ಮಕ್ಕಳು.
ಗಾಜಿನ ತೊಟ್ಟಿಗೆ ಒತ್ತಿ ಚಪ್ಪಟೆಯಾದ ಏಳು ಮೂಗು.
ಪ್ರತಿ ಮೊಟ್ಟೆಯೊಳಗೂ ಎರಡು ಕಪ್ಪು ಚುಕ್ಕಿ.
"ನಮ್ಮನ್ನೇ ನೋಡ್ತಿವೆ," ತೊಮೊಹಾ ಪಿಸುಗುಟ್ಟಿದಳು.
ಊಟಕ್ಕೆ ಮೀನು ಬಂದ ದಿನ
ತೊಟ್ಟಿಗೆ ಬೆನ್ನು ಮಾಡಿ ಕೂತು ಉಂಡಳು.

ಪಠ್ಯದಲ್ಲಿದೆ: ಪ್ರಕೃತಿಯನ್ನು ಪ್ರೀತಿಸೋಣ.
ಆ ಪುಟ ನಾನು ಬೇಗ ತಿರುವಿಬಿಡುತ್ತೇನೆ.
ಎಂಟು ವರ್ಷದವರಿಗೆ ಪ್ರೀತಿಸಲು ಯಾರೂ ಹೇಳಿಕೊಡಬೇಕಿಲ್ಲ.
ಕೂಡುವಾಗ ಕೈಯಲ್ಲಿ ಉಳಿದ ಒಂದನ್ನು
ಮರೆಯದಿರುವುದು,
ಅದನ್ನು ಹೇಳಿಕೊಡಬೇಕು.

ಇವತ್ತು ನೀರು ಒಂಬತ್ತು ಡಿಗ್ರಿ. ನಾಳೆ ಹತ್ತು ಇದ್ದರೆ
ಹತ್ತೊಂಬತ್ತು.
ಹೀಗೆ ಕೂಡಿಸುತ್ತ ಹೋಗಿ;
ಡಬ್ಬಿಯ ಮೇಲೆ ಮುದುಕ ಬರೆದ ಇನ್ನೂರ ಅರವತ್ತನ್ನೂ ಸೇರಿಸಿ.
ಮೊತ್ತ ನಾನೂರ ಎಂಬತ್ತು ಮುಟ್ಟಿದ ದಿನ ಮೊಟ್ಟೆ ಒಡೆಯುತ್ತದೆ.
ಮೀನು ದಿನ ಎಣಿಸುವುದಿಲ್ಲ,
ಬಿಸಿಯನ್ನು ಎಣಿಸುತ್ತದೆ.

ಕಪಾಟಿನಲ್ಲಿ ಹಳೆಯ ತರಗತಿಗಳ ಪುಸ್ತಕಗಳಿದ್ದವು.
ಮಿನೊರಿಗೆ ಅದರೊಳಗೆ ಸಿಕ್ಕಿದ್ದು ಅವಳ ಅಮ್ಮನ ಅಕ್ಷರ,
ಸೊಟ್ಟ ಸೊಟ್ಟ: ಆರು. ಐದು. ಐದು. ಆರು.
ಅಮ್ಮನ ಮೊಟ್ಟೆ ಒಡೆದದ್ದು ಹೊಸ ವರ್ಷದ ರಜೆ ಮುಗಿದ ಮೇಲೆ.
ನಮ್ಮವು ಡಿಸೆಂಬರಿನಲ್ಲೇ, ರಜೆಗೆ ಮೊದಲೇ.
"ನಾವು ಗೆದ್ವಿ!" ಎಂದು ಕುಣಿದಳು.
ಆಮೇಲೆ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು
ತುಂಬ ಹೊತ್ತು ಸುಮ್ಮನೆ ನೋಡಿದಳು.
ನಾನು ಏನನ್ನೂ ವಿವರಿಸಲಿಲ್ಲ.

ಇಬುಕಿ ಮಾತಾಡುವ ಹುಡುಗನಲ್ಲ.
ದಿನಾ ಗಂಟೆಗೆ ಮೊದಲೇ ಬಂದು
ಬೆಳ್ಳಗಾದ ಸತ್ತ ಮೊಟ್ಟೆಗಳನ್ನು
ಚಮಚದಲ್ಲಿ ಎತ್ತುತ್ತಿದ್ದವನು ಅವನೇ.
ಒಂದು ಬೆಳಿಗ್ಗೆ ಚಮಚ ಕೆಳಗಿಟ್ಟು ಕೇಳಿದ:
"ಬೇರೆ ಕಡೆಯವು. ನಮ್ಮ ಹೊಳೆ ಅಂತ ಹೇಗೆ ಗೊತ್ತಾಗತ್ತೆ?"
ಬೆಳೆದ ನೀರಿನ ವಾಸನೆ ಮೀನಿಗೆ ನೆನಪಿರುತ್ತದೆ, ಅಂದೆ.
ಅವನು ಬಕೆಟ್ ಎತ್ತಿಕೊಂಡು ಹೊರಟ.

ಅಂದಿನಿಂದ ನಲ್ಲಿ ನೀರು ಬಂದ್.
ಪುಸ್ತಕದಲ್ಲಿ ಡಿಗ್ರಿಯ ಪಕ್ಕ ಹೊಸ ಗೆರೆ ಎಳೆದು ಬರೆದ: ವಾಸನೆ.
ಸೋಮವಾರ: ಒದ್ದೆ ನಾಯಿ.
ಮಂಗಳವಾರ: ದೇವದಾರಿನ ಸಿಪ್ಪೆ.
ಬುಧವಾರ: ಏನೂ ಇಲ್ಲ, ಹಿಮ.
ಗುರುವಾರ: ಅಜ್ಜನ ಟ್ರಾಕ್ಟರ್.

ಆ ಗುರುವಾರ ಗಣಿತ ಬಿಟ್ಟು ಏಳು ಜನ
ದಂಡೆಗುಂಟ ಮೂಸುತ್ತ ಮೇಲಕ್ಕೆ ನಡೆದರು, ಹಿಂದೆ ನಾನು.
ಕುಮಗಾಯಿಯವರ ಕೊಟ್ಟಿಗೆಯ ಹಿಂದೆ
ಸೋರುವ ಡೀಸೆಲ್ ಪೀಪಾಯಿ.
ಆ ದೊಡ್ಡ ಮನುಷ್ಯ ಕಿವಿಯವರೆಗೆ ಕೆಂಪಾಗಿ
ನಮ್ಮೆದುರೇ ಅದನ್ನು ಉರುಳಿಸಿಕೊಂಡು ಹೋದ.
ಎಲ್ಲಿಗೆ ಎಂದು ಕೇಳಲು ಮರೆತೆ.
ಇಬುಕಿ ಮರೆಯಲಿಲ್ಲ.

"ಇವು ಯಾವಾಗ ವಾಪಸ್ ಬರ್ತವೆ?"
ನಾಲ್ಕು ವರ್ಷಕ್ಕೆ. ಆಗ ನೀವು ಏಳನೇ ತರಗತಿ.
"ಎಲ್ಲಿ?"
ಶಾಲೆ ಮಾರ್ಚಿಗೆ ಮುಚ್ಚುತ್ತದೆಂದು ಅವರಿಗೆ ಗೊತ್ತಿತ್ತು.
ಗೊತ್ತಿದೆಯೆಂದು ನನಗೂ.
ಕಿಟಕಿಯಾಚೆ ಯಾರೋ ಹಿಮ ಗೋರುತ್ತಿದ್ದರು.

ಎಪ್ಪತ್ತೊಂದು ಮರಿ ಉಳಿದವು. ಒಂದೊಂದಕ್ಕೆ ಒಂದು ಕಾಗದದ ಲೋಟ.
ತೊಮೊಹಾ ತನ್ನವಕ್ಕೆಲ್ಲ ಹೆಸರಿಟ್ಟು,
ಬಿಟ್ಟ ಮೇಲೆ ಹೆಸರು ಅದಲುಬದಲಾಯಿತೆಂದು ಅತ್ತಳು.
ಇಬುಕಿ ಲೋಟ ಬಗ್ಗಿಸಿ, ನೀರು ಮುಟ್ಟಿಸಿ, ಹಾಗೇ ಹಿಡಿದಿದ್ದ.
ಒಗಸವಾರ ಅವಸರ ಮಾಡಲಿಲ್ಲ.

ಏಪ್ರಿಲ್‌ನಲ್ಲಿ ಘಟ್ಟದಾಚೆಯ ದೊಡ್ಡ ಶಾಲೆಯಿಂದ ಫೋನು.
ಹುಡುಗ ನಲ್ಲಿ ತಿರುಗಿಸುತ್ತಾನಂತೆ, ಬೊಗಸೆ ಹಿಡಿಯುತ್ತಾನಂತೆ,
ಕುಡಿಯದೆ ಮೂಸುತ್ತಾನಂತೆ,
ಆಮೇಲೆ ಎಲ್ಲರೆದುರು ಕೈಯೆತ್ತಿ
ಈ ನೀರು ಎಲ್ಲಿಂದ ಬರತ್ತೆ ಎಂದು ಕೇಳುತ್ತಾನಂತೆ.
ನಮಗೇ ಗೊತ್ತಿಲ್ಲ, ಅಂದರು ಅಲ್ಲಿಯ ಟೀಚರ್,
ನೀವು ಇವನಿಗೆ
ಏನು ಪಾಠ ಮಾಡಿದ್ದಿರಿ?